ಒಂದೇ ಟ್ಯೂಬಿನ ಸನ್‌ಸ್ಕ್ರೀನ್: ಅಣ್ಣನ ಕಿವಿ ಸುಲಿಯಿತು, ತಮ್ಮ ಬರೀ ಕಪ್ಪಾದ. ಯಾಕೆ?

ಕಾಳಿ_ಅಳಿವೆ (ಕಾರವಾರ)

ಕೋಡಿಬಾಗ ಕಡೆ ಮಕ್ಕಳ ಕಯಾಕಿಂಗ್ ಶಿಬಿರಕ್ಕಾಗಿ ಕೇಳುತ್ತಿದ್ದೇನೆ. ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ 9:30ರಿಂದ 11:30. 12ರಿಂದ 15 ವರ್ಷದ 20 ಮಕ್ಕಳು, ಅರ್ಧ ತೋಳಿನ ಹತ್ತಿ ಟೀ ಶರ್ಟ್, ಮೊಣಕಾಲವರೆಗಿನ ಚಡ್ಡಿ. ಎಲ್ಲರಿಗೂ ಎಸ್‌ಪಿಎಫ್ 50, ಪಿಎ ನಾಲ್ಕು ಪ್ಲಸ್, ನೀರಿಗೆ ತಡೆಯುತ್ತದೆ ಎಂದು ಬರೆದಿರುವ ಒಂದೇ ಕ್ರೀಮು. ದಿನಕ್ಕೆ 50 ಗ್ರಾಂನ ಒಂದು ಟ್ಯೂಬು ಖಾಲಿ.

ಒಂದೇ ಮನೆಯ ಇಬ್ಬರು ಹುಡುಗರಿದ್ದಾರೆ. ಅಣ್ಣನದು ಗೋಧಿ ಬಣ್ಣ, ತಮ್ಮ ಚೆನ್ನಾಗಿ ಕಪ್ಪು. ಎರಡನೇ ದಿನ ರಾತ್ರಿ ಅಣ್ಣನ ಕಿವಿಯ ಅಂಚು, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಕೆಂಪಗಾಗಿ ಆಮೇಲೆ ಸಿಪ್ಪೆ ಎದ್ದಿತು. ತಮ್ಮ ಇನ್ನಷ್ಟು ಕಪ್ಪಾದ, ಅಷ್ಟೇ.

ಕ್ರೀಮು ಕಳಪೆಯೇ? ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಕಪ್ಪಗಿರುವ ಮಕ್ಕಳಿಗೆ ಕ್ರೀಮು ಬಿಟ್ಟು, ಉಳಿದವರಿಗೆ ಜಾಸ್ತಿ ಹಚ್ಚಿದರೆ ನಡೆಯುತ್ತದೆಯೇ? ದಿನಕ್ಕೆ ಒಂದು ಟ್ಯೂಬಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿ ಇಲ್ಲ.

ನೇತ್ರಾಣಿ_ನೀರು (ಮುರ್ಡೇಶ್ವರ)

ಕ್ರೀಮನ್ನು ಬೈಯುವ ಮೊದಲು ಗ್ರಾಂ ಲೆಕ್ಕ ಹಾಕಿ. ಎಸ್‌ಪಿಎಫ್ ಅಂದರೆ ಚರ್ಮ ಕೆಂಪಗಾಗಲು ಎಷ್ಟು ಪಟ್ಟು ಹೆಚ್ಚು ಬಿಸಿಲು ಬೇಕು ಎನ್ನುವ ಲೆಕ್ಕ; ಟ್ಯೂಬಿನ ಮೇಲಿನ 50 ಎಂಬ ಆ ಸಂಖ್ಯೆ ಬಂದಿರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಾಗ. 13 ವರ್ಷದ ಹುಡುಗನ ಮೈ ಒಟ್ಟು 1.3 ಚದರ ಮೀಟರ್ ಅಂದುಕೊಳ್ಳಿ, ಅಂದರೆ 13,000 ಚದರ ಸೆಂಟಿಮೀಟರ್. ಅರ್ಧ ತೋಳು, ಚಡ್ಡಿ ಹಾಕಿದಾಗ ಬಿಸಿಲಿಗೆ ಬೀಳುವುದು ಅದರಲ್ಲಿ ಶೇಕಡಾ 37ರಷ್ಟು: ಮುಖ, ಕಿವಿ, ಕುತ್ತಿಗೆ ಸೇರಿ 5, ಕೈಗಳು 14, ಮೊಣಕಾಲಿನಿಂದ ಕೆಳಗೆ ಅಂಗಾಲು ಬಿಟ್ಟು 18. ಇಷ್ಟಕ್ಕೆ ಒಂದು ಸಲಕ್ಕೆ ಹತ್ತಿರ ಹತ್ತಿರ 10 ಗ್ರಾಂ ಬೇಕು. 20 ಮಕ್ಕಳಿಗೆ 200 ಗ್ರಾಂ, ಅಂದರೆ ನಾಲ್ಕು ಟ್ಯೂಬು. ನೀವು ಹಚ್ಚಿದ್ದು ಒಂದು. ತಲೆಗೆ ಎರಡೂವರೆ ಗ್ರಾಂ, ಬೇಕಾದ್ದರ ಕಾಲು ಭಾಗ.

ಕಾಲು ಭಾಗ ಹಚ್ಚಿದರೆ 50 ಹೋಗಿ 12 ಆಗುತ್ತದೆ ಅನ್ನುವಷ್ಟು ನೇರ ಲೆಕ್ಕವೂ ಅಲ್ಲ ಇದು. ಪದರ ತೆಳುವಾದಷ್ಟೂ ನಡುನಡುವೆ ಏನೂ ಇಲ್ಲದ ಜಾಗ ಜಾಸ್ತಿ ಉಳಿಯುತ್ತದೆ. 10 ಸಿಕ್ಕರೂ ಪುಣ್ಯ. ಇನ್ನು ಬೆರಳೇ ಮುಟ್ಟದ ಜಾಗಕ್ಕೆ ಎಸ್‌ಪಿಎಫ್ 1. ಅಣ್ಣನಿಗೆ ಸುಲಿದದ್ದು ಎಲ್ಲೆಲ್ಲಿ ನೋಡಿ: ಕಿವಿ, ಹಿಂಗುತ್ತಿಗೆ, ಪಾದ. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಜಾಗಗಳೇ ಇವು. ಕ್ರೀಮು ಕಳಪೆಯಾಗಿದ್ದರೆ ಮೂಗು, ಕೆನ್ನೆ ಮೊದಲು ಸುಡುತ್ತಿತ್ತು.

ಈಗ ಬಿಸಿಲಿನ ಲೆಕ್ಕ. ಚರ್ಮ ಕೆಂಪಗಾಗಿಸುವ ಅತಿನೇರಳೆ (ಯುವಿ) ಕಿರಣವನ್ನು ಎಸ್‌ಇಡಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಆ ಕಿರಣದ ಜೋರು ಹೇಳುವ ಯುವಿ ಸೂಚ್ಯಂಕ 1 ಇದ್ದರೆ ಗಂಟೆಗೆ 0.9 ಎಸ್‌ಇಡಿ ಬೀಳುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ಕಾರವಾರದ ಸರಿ ನೆತ್ತಿಯ ಮೇಲೆ ಬರುತ್ತಾನೆ. ಮೋಡ ಇಲ್ಲದಿದ್ದರೆ ನಡುಹಗಲಿನ ಸೂಚ್ಯಂಕ 11 ದಾಟುತ್ತದೆ. ನಿಮ್ಮ 9:30–11:30ಕ್ಕೆ ಸರಾಸರಿ 8 ಅಂತ ಇಟ್ಟುಕೊಳ್ಳಿ. ಎರಡು ಗಂಟೆಗೆ 14 ಎಸ್‌ಇಡಿ ಆಯಿತು. ಗೋಧಿ ಬಣ್ಣದ ಚರ್ಮ ಕೆಂಪಗಾಗಲು ಸುಮಾರು 4 ಸಾಕು, ಕಪ್ಪು ಚರ್ಮಕ್ಕೆ 8ರ ಆಸುಪಾಸು ಬೇಕು. ಕ್ರೀಮು ತಾಗದ ಜಾಗದಲ್ಲಿ ಅಣ್ಣ ತನ್ನ ಮಿತಿಯ ಮೂರೂವರೆ ಪಟ್ಟು ತಿಂದ. ತಮ್ಮನೂ ತನ್ನ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು ತಿಂದ. ಅವನ ಚರ್ಮದ ಮೇಲೆ ಕೆಂಪು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಕಪ್ಪು ಚರ್ಮದಲ್ಲಿ ಸುಟ್ಟಿದೆಯೇ ಎಂದು ನೋಡಬೇಡಿ, ಕೇಳಿ: ಬಿಸಿ ಅನಿಸುತ್ತಿದೆಯೇ, ಅಂಗಿ ತಾಗಿದರೆ ಉರಿಯುತ್ತಿದೆಯೇ, ಬಿಗಿದಂತೆ ಆಗಿದೆಯೇ. ಅದನ್ನೂ ಅದೇ ದಿನ ಕೇಳಿ ಬಿಡಬೇಡಿ. ಸುಟ್ಟದ್ದು ತನ್ನ ಜೋರು ತೋರಿಸುವುದು 12ರಿಂದ 24 ಗಂಟೆಯ ಮೇಲೆ.

ಶಿರಸಿ_ಮಾಣಿ

ಇಷ್ಟೆಲ್ಲ ಲೆಕ್ಕ ಬೇಕಾ ಮಾರಾಯ್ರೇ? ತೆಂಗಿನೆಣ್ಣೆಗೆ ಎಸ್‌ಪಿಎಫ್ 8 ಇದೆಯಂತೆ. ಹಳಬರು ಮೈಗೆ ಎಣ್ಣೆ ಹಚ್ಚಿಕೊಂಡೇ ದೋಣಿಗೆ ಹೋಗುತ್ತಿದ್ದರು. ಕಪ್ಪಾದ ಚರ್ಮ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಕುಮಟಾ_ಅಕ್ಕೋರು

ಮಾಣಿ, ಆ 7–8 ಎಂಬ ಸಂಖ್ಯೆ ಎಣ್ಣೆಯನ್ನು ದ್ರಾವಣ ಮಾಡಿ ಯಂತ್ರದಲ್ಲಿ ಬೆಳಕು ಹಾಯಿಸಿ ಅಳೆದದ್ದು, ಮನುಷ್ಯರ ಚರ್ಮದ ಮೇಲೆ ಅಳೆದದ್ದಲ್ಲ. ಎಣ್ಣೆ ಚರ್ಮದ ಮೇಲೆ ಒಂದೇ ದಪ್ಪಕ್ಕೆ ನಿಲ್ಲುವುದಿಲ್ಲ, ಬೆವರಿಗೆ ಜಾರುತ್ತದೆ. ಉಪ್ಪುನೀರಿಗೆ ಚರ್ಮ ಒಡೆಯದಂತೆ ಕಾಯಲು ಎಣ್ಣೆ ಒಳ್ಳೆಯದೇ. ಕಿರಣ ತಡೆಯುವ ಕೆಲಸ ಅದರದ್ದಲ್ಲ.

ಅಣ್ಣತಮ್ಮರ ಪ್ರಶ್ನೆಗೆ ಬರುತ್ತೇನೆ. ಬಣ್ಣ ಮಾಡುವ ಕೋಶಗಳ ಸಂಖ್ಯೆ ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅವು ತಯಾರಿಸುವ ಮೆಲನಿನ್ ಪೊಟ್ಟಣಗಳ ಗಾತ್ರ, ಒಳಗಿನ ಸರಕು, ಹಂಚಿಕೆ. ಕಪ್ಪು ಚರ್ಮದಲ್ಲಿ ಪೊಟ್ಟಣಗಳು ದೊಡ್ಡವು, ಬಿಡಿಬಿಡಿಯಾಗಿ ಕೂತು ಮೇಲಿನ ಪದರದವರೆಗೂ ಉಳಿಯುತ್ತವೆ. ತಿಳಿ ಚರ್ಮದಲ್ಲಿ ಚಿಕ್ಕವು, ಗುಂಪಾಗಿರುತ್ತವೆ, ಮೇಲೆ ಬರುವಷ್ಟರಲ್ಲಿ ಕರಗಿಹೋಗುತ್ತವೆ. ಪೊಟ್ಟಣಗಳು ಕೋಶದ ಬೀಜಕೇಂದ್ರದ ಮೇಲೆ ಇರ್ಲೆ (ಮಳೆಗೆ ಬೆನ್ನಿನ ಮೇಲೆ ಹೊದೆಯುವ ಎಲೆಯ ಗೊರಬು) ಹೊದಿಸಿದ ಹಾಗೆ ಕೂರುತ್ತವೆ. ಗದ್ದೆಯಲ್ಲಿ ಬಗ್ಗಿದವರ ಬೆನ್ನಿನ ಮೇಲೆ ಇರ್ಲೆ ಕೂತದ್ದನ್ನು ನೋಡಿದವರಿಗೆ ಚಿತ್ರ ಬೇರೆ ಬೇಡ.

ಈ ಪೊಟ್ಟಣ ಹೇಗಿರಬೇಕೆಂದು ಹೇಳುವ ಜೀನುಗಳು ಹಲವು. ನಮ್ಮ ಉಪಖಂಡದ ಮಟ್ಟಿಗೆ ಮುಖ್ಯವಾದದ್ದು 15ನೇ ವರ್ಣತಂತುವಿನ ಎಸ್‌ಎಲ್‌ಸಿ24ಎ5. ಬಣ್ಣ ಕಳೆದುಕೊಂಡ ಒಂದು ಬಗೆಯ ಜೀಬ್ರಾ ಮೀನಿನ ಬೆನ್ನು ಹತ್ತಿ ಹೋದವರು 2005ರಲ್ಲಿ ಇದು ಮನುಷ್ಯರಲ್ಲೂ ಇದೇ ಕೆಲಸ ಮಾಡುತ್ತದೆಂದು ತೋರಿಸಿದರು. ಇದರ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಪ್ರೋಟೀನಿನ 111ನೇ ಸ್ಥಾನದಲ್ಲಿ ಅಲನಿನ್ ಬದಲು ಥ್ರಿಯೊನಿನ್ ಎಂಬ ಅಮೈನೋ ಆಮ್ಲ ಕೂರುತ್ತದೆ, ಚರ್ಮ ತಿಳಿಯಾಗುತ್ತದೆ. ಯುರೋಪಿನಲ್ಲಿ ಬಹುತೇಕ ಎಲ್ಲರಲ್ಲೂ ತಿಳಿ ರೂಪವೇ. ನಮ್ಮಲ್ಲಿ ಎರಡೂ ಬೆರೆತಿವೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ರೂಪ ಇದ್ದರೆ ಪ್ರತಿ ಮಗುವಿಗೂ ಕಾಲು ಪಾಲು ಸಾಧ್ಯತೆ ಎರಡೂ ತಿಳಿ, ಕಾಲು ಪಾಲು ಎರಡೂ ಕಪ್ಪು, ಅರ್ಧ ಪಾಲು ಮಿಶ್ರ. ಇದು ಒಂದು ಜೀನಿನ ಲೆಕ್ಕ. ಇಂಥವು ಇನ್ನೂ ಹತ್ತಾರು ತಮ್ಮ ಪಾಡಿಗೆ ಹಂಚಿಕೆಯಾಗುತ್ತವೆ. ಅಣ್ಣ ಗೋಧಿ, ತಮ್ಮ ಕಪ್ಪು ಆಗುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ಜಾತಿ ನೋಡಿ, ಊರು ನೋಡಿ ಚರ್ಮದ ಮಿತಿ ಊಹಿಸುವುದು ಇದೇ ಕಾರಣಕ್ಕೆ ಕೆಲಸಕ್ಕೆ ಬಾರದು. ಪ್ರತಿ ಮಗುವಿನ ಚರ್ಮವನ್ನೇ ಕೇಳಬೇಕು.

ಇನ್ನು "ಕಪ್ಪಾದ ಚರ್ಮ ತನ್ನನ್ನು ಕಾಯ್ದುಕೊಳ್ಳುತ್ತದೆ" ಎಂಬ ಮಾತು. ಹುಟ್ಟು ಬಣ್ಣ, ಬಿಸಿಲಿಗೆ ಬಂದ ಬಣ್ಣ, ಈ ಎರಡನ್ನು ಒಂದೇ ಚೀಲಕ್ಕೆ ಹಾಕಬೇಡ. ಗಾಢ ಕಪ್ಪು ಚರ್ಮದ ಹೊರಪದರಕ್ಕೆ ತನ್ನದೇ ಆದ ಎಸ್‌ಪಿಎಫ್ ಸುಮಾರು 13, ತಿಳಿ ಚರ್ಮಕ್ಕೆ 3ರ ಹತ್ತಿರ ಎಂದು ಅಳೆದಿದ್ದಾರೆ. ಅದು ಹುಟ್ಟಿನ ಆಸ್ತಿ. ಬಿಸಿಲಿಗೆ ಬಂದ ಬಣ್ಣದ ಕಥೆ ಬೇರೆ. ದಿನ ಮುಗಿಯುವ ಮೊದಲೇ ಕಂಡ ಕಪ್ಪು ಹೊಸ ಮೆಲನಿನ್ ಅಲ್ಲವೇ ಅಲ್ಲ, ಇದ್ದದ್ದೇ ಯುವಿಎ (ಚರ್ಮದ ಆಳಕ್ಕೆ ಇಳಿಯುವ ಯುವಿ) ಕಿರಣಕ್ಕೆ ಬಣ್ಣ ಬದಲಿಸಿದ್ದು. ಅದರಿಂದ ರಕ್ಷಣೆ ಸೊನ್ನೆ ಅಂದರೂ ಸರಿ. ನಿಜವಾದ ಹೊಸ ಬಣ್ಣ ಬರಲು ಮೂರು ದಿನದ ಮೇಲೆ ಬೇಕು. ಅದೂ ಹೇಗೆ ಬರುತ್ತದೆ? ಯುವಿಬಿ (ಮುಖ್ಯವಾಗಿ ಚರ್ಮ ಸುಡುವ ಯುವಿ) ಕಿರಣ ಡಿಎನ್‌ಎಗೆ ಪೆಟ್ಟು ಕೊಡುತ್ತದೆ, ಪಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೆಟ್ಟು ಕಂಡ ಪಿ53 ಎಂಬ ಪ್ರೋಟೀನ್ ಎಚ್ಚರ ಕೊಡುತ್ತದೆ, ಚರ್ಮದ ಕೋಶ ಒಂದು ಹಾರ್ಮೋನ್ ಬಿಡುತ್ತದೆ, ಅದು ಬಣ್ಣದ ಕೋಶದ ಎಂಸಿ1ಆರ್ ಎಂಬ ಬಾಗಿಲು ತಟ್ಟುತ್ತದೆ, ಒಳಗೆ ಮೆಲನಿನ್ ಕೆಲಸ ಶುರು. ಪೆಟ್ಟು ಬಿದ್ದ ಮೇಲೇ ಬರುವ ಬಣ್ಣ ಇದು. ಕೊನೆಗೆ ಸಿಗುವ ರಕ್ಷಣೆ ಎಸ್‌ಪಿಎಫ್ 3ರ ಆಸುಪಾಸು, ಅದೂ ಕೆಲವು ವಾರ ಮಾತ್ರ.

ಪೆಟ್ಟು ಸರಿಮಾಡುವ ಕೆಲಸವೂ ಜೀನುಗಳದ್ದೇ. ಅಂಟಿದ ತುಂಡನ್ನು ಕತ್ತರಿಸಿ ತೆಗೆದು ಹೊಸದು ಹೆಣೆಯುವ ಯಂತ್ರ ನಮ್ಮೆಲ್ಲರಲ್ಲೂ ಇದೆ. ಅದನ್ನು ಬಿಡಿಸಿ ತೋರಿಸಿದ ಅಜೀಜ್ ಸಾಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಈ ಯಂತ್ರವೇ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ, ಅಪರೂಪ, ಕಾಯಿಲೆಯ ಹೆಸರು ಕ್ಸೆರೋಡರ್ಮಾ ಪಿಗ್ಮೆಂಟೋಸಮ್. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕಾದ್ದರಿಂದ ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹೆಚ್ಚು ಕಾಣುತ್ತದೆ. ಹುಟ್ಟಾ ಬಿಳುಪು, ಅಂದರೆ ಆಲ್ಬಿನಿಸಂ, ಬರುವುದೂ ಇದೇ ದಾರಿಯಲ್ಲಿ. ಶಿಬಿರದ ಅರ್ಜಿಯಲ್ಲಿ ಎರಡು ಸಾಲು ಸೇರಿಸಿ: ಚಿಕ್ಕ ವಯಸ್ಸಿನಿಂದಲೇ ಮುಖದ ತುಂಬ ಕಂದು ಚುಕ್ಕೆ ಇದೆಯೇ, ಹತ್ತು ನಿಮಿಷದ ಬಿಸಿಲಿಗೇ ಗುಳ್ಳೆ ಬರುತ್ತದೆಯೇ. ಹೌದು ಎಂದರೆ ಆ ಮಗುವನ್ನು ಹಗಲು ದೋಣಿಗೆ ಇಳಿಸಬೇಡಿ, ಚರ್ಮದ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಅಲ್ಲಿ ಎಸ್‌ಪಿಎಫ್ ಸಂಖ್ಯೆಯ ಚರ್ಚೆಯೇ ಬೇಡ. ತೊನ್ನು ಇರುವ ಮಗುವಿದ್ದರೆ ಬಿಳಿ ಕಲೆಗಳನ್ನು ಬಟ್ಟೆಯಿಂದಲೇ ಮುಚ್ಚಿಸಿ. ಆ ಜಾಗದಲ್ಲಿ ಬಣ್ಣದ ಕೋಶವೇ ಇಲ್ಲ, ಸುತ್ತಲಿನ ಚರ್ಮ ಎಷ್ಟೇ ಕಪ್ಪಗಿರಲಿ.

ಕಾಳಿ_ಅಳಿವೆ

ಅಕ್ಕೋರೇ, ಜೀನಿನ ಭಾಗ ತಿಳಿಯಿತು. ಹಾಗಾದರೆ ತಮ್ಮನಿಗೆ ಹುಟ್ಟಿನಿಂದ 13 ಇದೆ, ನಾನು ಹಚ್ಚಿದ ತೆಳು ಪದರ 10. ಗುಣಿಸಿದರೆ 130. ಸಾಕಲ್ಲವೇ?

ನೇತ್ರಾಣಿ_ನೀರು

ಗುಣಾಕಾರ ತಪ್ಪಿದ್ದು ಎರಡು ಕಡೆ. 13 ಎಂಬುದು ತೀರಾ ಗಾಢ ಚರ್ಮದ ಅಳತೆ, ನಮ್ಮಲ್ಲಿ "ಕಪ್ಪು" ಅನ್ನಿಸಿಕೊಳ್ಳುವವರು ಬಹುಪಾಲು ಅದರ ಕೆಳಗೇ. ಮತ್ತೆ ನಾನು ಕೊಟ್ಟ 8 ಎಸ್‌ಇಡಿ ಮಿತಿಯೊಳಗೆ ಹುಟ್ಟು ಬಣ್ಣದ ಲಾಭ ಆಗಲೇ ಸೇರಿಹೋಗಿದೆ, ಎರಡು ಸಲ ಎಣಿಸುವಂತಿಲ್ಲ. ಜೀನು ಹಾಕಿಕೊಡುವುದು ಆರಂಭದ ಅಂಕಿ, ಕ್ರೀಮು ಅದನ್ನು ಗುಣಿಸುತ್ತದೆ, ಬೆರಳು ಮುಟ್ಟದ ಕಡೆ ಒಂದರಿಂದ ಗುಣಿಸುತ್ತದೆ.

ಖರ್ಚಿನ ಮಾತಿಗೆ ಉತ್ತರ ಬಟ್ಟೆಯಲ್ಲಿದೆ. ತೆಳು ಬಿಳಿ ಹತ್ತಿ ಟೀ ಶರ್ಟು ಒಣಗಿದ್ದಾಗ ಆರೇಳನೇ ಒಂದು ಭಾಗ ಕಿರಣ ಒಳಗೆ ಬಿಡುತ್ತದೆ, ಒದ್ದೆಯಾದರೆ ಮೂರನೇ ಒಂದರವರೆಗೂ. ಕಯಾಕಿನಲ್ಲಿ ಒದ್ದೆಯಾಗದವರು ಯಾರು? ಗಾಢ ಬಣ್ಣದ, ಒತ್ತು ನೇಯ್ಗೆಯ ಪಾಲಿಯೆಸ್ಟರ್ ಉದ್ದ ತೋಳಿನ ಈಜು ಅಂಗಿ ಕೊಡಿಸಿ. ದೀಪದ ಎದುರು ಹಿಡಿದಾಗ ಆಚೆಗಿನ ಬೆರಳು ಕಾಣಬಾರದು. ಕಂಡರೆ ಬಿಸಿಲೂ ದಾಟುತ್ತದೆ. ಕಾಲಿಗೆ ಕಣಕಾಲವರೆಗಿನ ಟೈಟ್ಸ್, ಪಾದಕ್ಕೆ ಹಳೇ ಕ್ಯಾನ್ವಾಸ್ ಶೂ, ತಲೆಗೆ ಸುತ್ತಲೂ ಅಂಚಿರುವ ಟೊಪ್ಪಿ. ಕ್ರಿಕೆಟ್ ಕ್ಯಾಪು ಕಿವಿಯನ್ನು ಕಾಯುವುದಿಲ್ಲ.

ಈಗ ಉಳಿದದ್ದು ಮುಖ, ಕಿವಿ, ಕುತ್ತಿಗೆ, ಮುಂಗೈ ಹಿಂಭಾಗ. 1,000 ಚದರ ಸೆಂಟಿಮೀಟರ್, ತಲೆಗೆ 2 ಗ್ರಾಂ. 20 ಮಕ್ಕಳಿಗೆ 40 ಗ್ರಾಂ. ಅದೇ ದಿನಕ್ಕೊಂದು ಟ್ಯೂಬು, ಆದರೆ ಈ ಸಲ ಟ್ಯೂಬಿನ 50 ಅಳೆದ ಅದೇ ದಪ್ಪದಲ್ಲಿ.

ಹಚ್ಚುವ ರೀತಿ: ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ ಕುತ್ತಿಗೆಗೆ ಆಗುವಷ್ಟು. ಒಂದೇ ಸಲ ಬಳಿದರೆ ಮಕ್ಕಳು ತಿಕ್ಕಿ ಒರೆಸಿಬಿಡುತ್ತಾರೆ, ಹಾಗಾಗಿ ಒಂದು ಬೆರಳಿನದ್ದು ಮೊದಲು, ಐದು ನಿಮಿಷ ಬಿಟ್ಟು ಇನ್ನೊಂದು. ನೀರಿಗಿಳಿಯುವ 20 ನಿಮಿಷ ಮೊದಲು ಮುಗಿಯಬೇಕು, ಪದರ ಕೂರಲು ಅಷ್ಟು ಹೊತ್ತು ಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರ ಕಿವಿ, ಹಿಂಗುತ್ತಿಗೆ ಇನ್ನೊಬ್ಬರಿಂದ ನೋಡಿಸಿ. ನೀರು ತಡೆಯುತ್ತದೆ ಅಂದರೆ 40 ಅಥವಾ 80 ನಿಮಿಷ ನೀರಲ್ಲಿಟ್ಟು ನೋಡಿದ್ದಾರೆ ಎಂದಷ್ಟೇ ಅರ್ಥ. ಟವೆಲಿನಲ್ಲಿ ಮುಖ ಒರೆಸಿದರೆ ಅಲ್ಲಿಗೇ ಮುಗಿಯಿತು, ಮತ್ತೆ ಹಚ್ಚಬೇಕು.

ಇನ್ನೊಂದು ಸಂಗತಿ, ಬಹುಶಃ ಎಲ್ಲಕ್ಕಿಂತ ಅಗ್ಗದ್ದು: ಸಮಯ ಬದಲಿಸಿ. ನಮ್ಮ ಗಡಿಯಾರ ಇರುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಕಾರವಾರ ಇರುವುದು 74ರ ಹತ್ತಿರ. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು 12:30ಕ್ಕೆ. ಹಾಗಾಗಿ ಬೆಳಿಗ್ಗೆ 9ಕ್ಕೆ ಇರುವ ಬಿಸಿಲೂ ಸಂಜೆ 4ರ ಬಿಸಿಲೂ ಒಂದೇ, 10ರದ್ದೂ 3ರದ್ದೂ ಒಂದೇ. "ಮೂರು ಗಂಟೆ ಆಯಿತು, ಇಳಿಬಿಸಿಲು" ಎಂದು ಮಕ್ಕಳನ್ನು ಇಳಿಸುವುದು ಕರಾವಳಿಯಲ್ಲಿ ಎಲ್ಲರೂ ಮಾಡುವ ತಪ್ಪು. ನಿಮ್ಮ ತರಗತಿ 7ರಿಂದ 9 ಇಟ್ಟರೆ ಬೀಳುವ ಎಸ್‌ಇಡಿ ಈಗಿನದ್ದರ ಒಂದು ಸಣ್ಣ ಭಾಗ. ಗಡಿಯಾರ ಇಲ್ಲದಿದ್ದರೆ ನೆರಳು ನೋಡಿ: ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಆದ ಹೊತ್ತಿಗೆ ದಡಕ್ಕೆ ಬನ್ನಿ. ದಡದಲ್ಲಿ ಕೊಡೆ ಕೆಳಗೆ ಕೂತರೂ ಒಣ ಮರಳು ಶೇಕಡಾ 15ರಷ್ಟು, ತೆರೆಯ ನೊರೆ 25ರಷ್ಟು ವಾಪಸು ಎಸೆಯುತ್ತವೆ. ನೀರಿನೊಳಗೆ ಅರ್ಧ ಮೀಟರ್ ಕೆಳಗೂ ಶೇಕಡಾ 40ರಷ್ಟು ಕಿರಣ ಬರುತ್ತದೆ.

ಔಷಧಂಗಡಿ_ಸಿದ್ದಾಪುರ

ಅಂಗಡಿ ಕಡೆಯಿಂದ ನಾಲ್ಕು ಮಾತು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿಯ ವಿಷಯ. 30 ಇದ್ದರೆ ಶೇಕಡಾ 97 ತಡೆ, 50 ಇದ್ದರೆ 98. 30ರದ್ದನ್ನು ಸರಿಯಾಗಿ ಹಚ್ಚುವುದು 50ರದ್ದನ್ನು ಸವರುವುದಕ್ಕಿಂತ ಎಷ್ಟೋ ಮೇಲು. ಯುವಿಎಗೆ ಪಿಎ ಗುರುತು ನೋಡಬೇಕು. ಬಂಗು ಇರುವವರಿಗೆ ಮಾತ್ರ ಇಷ್ಟೂ ಸಾಲದು. ನಮ್ಮ ಬಣ್ಣದ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವೂ ಕಪ್ಪು ಕಲೆ ಗಾಢ ಮಾಡುತ್ತದೆ, ಬಿಳಿ ಕ್ರೀಮು ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೇಳಿ.

ಟ್ಯೂಬನ್ನು ದೋಣಿಯಲ್ಲಿ, ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಕಾವಿಗೆ ಎಣ್ಣೆ ನೀರು ಬೇರ್ಪಡುತ್ತದೆ. ಹಿಂಡಿದಾಗ ಮೊದಲು ನೀರು ಬಂದರೆ, ಕಾಳುಕಾಳಾಗಿದ್ದರೆ ಎಸೆಯಿರಿ.

ಈಗ ಮುಖ್ಯವಾದದ್ದು. ಯಾವ ಮಗು ಯಾವ ಮಾತ್ರೆ ತೆಗೆದುಕೊಳ್ಳುತ್ತಿದೆ ಎಂದು ಕೇಳಿ. ಇಲಿಜ್ವರಕ್ಕೆ, ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಯುವಿಎ ಬಿದ್ದಾಗ ಚರ್ಮದೊಳಗೆ ಉರಿ ಹುಟ್ಟಿಸುತ್ತದೆ. ಜೀನು ಎಷ್ಟೇ ಒಳ್ಳೆಯದಿರಲಿ, ಆ ದಿನಗಳಲ್ಲಿ ಕಪ್ಪು ಚರ್ಮವೂ ಸುಡುತ್ತದೆ. ಮಾತ್ರೆಯನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು. ಬಿಸಿಲಿನ ಆಟ ಮುಂದಕ್ಕೆ ಹಾಕಿ. ತೊನ್ನಿಗೆಂದು ಬಾವಂಚಿ ಎಣ್ಣೆ ಹಚ್ಚುವವರ ವಿಷಯವೂ ಹೀಗೇ. ಅದರಲ್ಲಿರುವ ಸೊರಾಲೆನ್ ಬಿಸಿಲಿಗೆ ಸೇರಿದರೆ ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ.

ಘಟ್ಟದ ಮೇಲಿನ ಮಕ್ಕಳನ್ನು ಕಾಡಿನ ಚಾರಣಕ್ಕೂ ಕರೆದೊಯ್ಯುವುದಿದ್ದರೆ, ಉಣ್ಣೆ ಹುಳ ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಯಾವಾಗಲೂ ಸನ್‌ಸ್ಕ್ರೀನಿನ ಮೇಲೆ. ಮೊದಲು ಕ್ರೀಮು, 20 ನಿಮಿಷ ಒಣಗಲಿ, ಆಮೇಲೆ ತೈಲ. ಎರಡನ್ನೂ ಅಂಗೈಯಲ್ಲಿ ಕಲೆಸಿ ಹಚ್ಚಿದರೆ ಕ್ರೀಮಿನ ಪದರ ಕೆಡುತ್ತದೆ.

ಕಾಳಿ_ಅಳಿವೆ

ಸಮಯ 7ರಿಂದ 9 ಮಾಡುತ್ತೇವೆ, ಈಜು ಅಂಗಿಗೆ ಪಾಲಕರಿಗೆ ಹೇಳುತ್ತೇವೆ. ಕೊನೆಗೊಂದು ಸಣ್ಣ ಪ್ರಶ್ನೆ. ಶಿಬಿರದ ಬಿಳಿ ಟೀ ಶರ್ಟುಗಳ ಕೊರಳಪಟ್ಟಿ ತೊಳೆದ ಮೇಲೆ ತುಕ್ಕು ಹಿಡಿದ ಹಾಗೆ ಕೇಸರಿ ಬಣ್ಣ ಆಗಿದೆ. ಬಾವಿ ನೀರಲ್ಲಿ ತೊಳೆದದ್ದು. ಬ್ಲೀಚಿಂಗ್ ಹಾಕಿದರೆ ಇನ್ನೂ ಗಾಢವಾಯಿತು.

ಔಷಧಂಗಡಿ_ಸಿದ್ದಾಪುರ

ಟ್ಯೂಬಿನ ಹಿಂದೆ ಅವೊಬೆಂಜೋನ್ ಎಂದು ಬರೆದಿರುತ್ತದೆ ನೋಡಿ. ಅದು ನೀರಿನ ಕಬ್ಬಿಣದ ಜೊತೆ ಸೇರಿ ಆ ಬಣ್ಣ ಕೊಡುತ್ತದೆ. ಬ್ಲೀಚಿಂಗ್ ಅದನ್ನು ತೆಗೆಯುವುದಿಲ್ಲ, ಕೂರಿಸಿಬಿಡುತ್ತದೆ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಜಿಡ್ಡು ತೆಗೆಯಿರಿ, ಆಮೇಲೆ ಲಿಂಬೆರಸ ಹಿಂಡಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಈ ಕೆಲಸ ನೆರಳಲ್ಲೇ ಮಾಡಿ. ಬಟ್ಟೆ ಒಣಹಾಕಲು ಅಂಗಳಕ್ಕೆ ಹೋಗುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ: ಲಿಂಬೆಯಲ್ಲೂ ಬಾವಂಚಿಯ ಸೊರಾಲೆನ್ ಬಳಗದ್ದೇ ವಸ್ತು ಇದೆ, ರಸ ಹಾರಿದ ಕೈ ಬಿಸಿಲಿಗೆ ಬಿದ್ದರೆ ಕೆಲವು ದಿನಗಳಲ್ಲಿ ರಸ ಇಳಿದ ಗೆರೆಗೆ ಸರಿಯಾಗಿ ಕಪ್ಪು ಕಲೆ ಮೂಡುತ್ತದೆ.